ದಶೈಂ ರಜೆಗೆ ಮಕ್ಕಳು ಎಲ್ಲಿಗೆ ಹೋಗುತ್ತಾರೆ?

ಪ್ರಶ್ನೆ: ನನಗೆ 27 ವರ್ಷ. ಬಿ.ಕಾಂ. ಮುಗಿಸಿ ಬೆಂಗಳೂರಿನ ಆಡಿಟರ್ ಆಫೀಸೊಂದರಲ್ಲಿ ಐದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಕೆಲಸ ಬಿಟ್ಟು ಒಂದು ವರ್ಷ ಕಠ್ಮಂಡುವಿನ ಅನಾಥಾಶ್ರಮದಲ್ಲಿ ಮಕ್ಕಳ ಜೊತೆ ಇರಬೇಕು ಅಂತ ಆಸೆ. 90 ಸಾವಿರ ಕಟ್ಟಿದರೆ ಮುಂದಿನ ತಿಂಗಳೇ ಕಳಿಸುತ್ತೇವೆ ಎಂದು ಒಂದು ಏಜೆನ್ಸಿ ಹೇಳುತ್ತಿದೆ. ನೇಪಾಳಿ ಬರುವುದಿಲ್ಲ, ಹಿಂದಿ ಸುಮಾರಾಗಿ ಬರುತ್ತದೆ. ಅಮ್ಮ ಬೇಡ ಅನ್ನುತ್ತಿದ್ದಾರೆ. ಏನೇನು ತಯಾರಿ ಮಾಡಿಕೊಳ್ಳಬೇಕು?
— ಸ.ಎಂ., ದಾವಣಗೆರೆ

ಉತ್ತರ: ಮೊದಲು ಒಂದು ಕೆಲಸ ಮಾಡಿ. ಈ ಸಲ ಊರಿಗೆ ಹೋದಾಗ ಅಲ್ಲಿನ ಬಾಲಮಂದಿರಕ್ಕೆ ಹೋಗಿ, "ನನಗೆ ಮಕ್ಕಳೆಂದರೆ ಇಷ್ಟ, ನಾಳೆಯಿಂದ ಇವರ ಜೊತೆ ಇಲ್ಲೇ ಇರ್ತೀನಿ" ಅನ್ನಿ. ಗೇಟಿನಲ್ಲೇ ನಿಲ್ಲಿಸುತ್ತಾರೆ. ಯಾರು ನೀವು, ಇಲಾಖೆಯ ಅನುಮತಿ ಎಲ್ಲಿ ಅಂತ ಕೇಳುತ್ತಾರೆ. ಕೇಳಲೇಬೇಕು. ಹಾಗಿದ್ದರೆ ಭಾಷೆ ಬರದ, ಗುರುತಿಲ್ಲದ ನಿಮ್ಮನ್ನು 90 ಸಾವಿರಕ್ಕೆ ಒಳಗೆ ಬಿಡುವ ಆ ಮನೆ ಎಂಥದ್ದು?

ನಿಮ್ಮ ಮನಸ್ಸಿನ ಬಗ್ಗೆ ನನಗೆ ಅನುಮಾನವಿಲ್ಲ. 2011ರಲ್ಲಿ ನಾನೂ ಹೀಗೇ ಹೊರಟವಳು. ಕಠ್ಮಂಡುವಿನ ಪಕ್ಕದ ಲಲಿತಪುರದಲ್ಲಿ, ಇಪ್ಪತ್ತೆರಡು ಮಕ್ಕಳಿದ್ದ ಮನೆಯಲ್ಲಿ ಹದಿನಾಲ್ಕು ತಿಂಗಳು ಇದ್ದೆ. ಹೋದ ದಿನವೇ ಏಳು ವರ್ಷದ ಹುಡುಗನೊಬ್ಬ ಓಡಿ ಬಂದು ಸೊಂಟ ತಬ್ಬಿಕೊಂಡ. ಎಷ್ಟು ಪ್ರೀತಿ ಅಂತ ಕಣ್ಣು ತುಂಬಿ ಬಂತು. ಮುಖವನ್ನೂ ನೋಡದ ಅಪರಿಚಿತರನ್ನು ಮಗು ಹಾಗೆ ತಬ್ಬಿದರೆ ಸಂತೋಷಕ್ಕಿಂತ ಗಾಬರಿ ಆಗಬೇಕು ಅನ್ನುವುದು ಆಗ ಗೊತ್ತಿರಲಿಲ್ಲ. ಮೂರು ತಿಂಗಳಿಗೊಬ್ಬರು ಬಂದು ಹೋಗುವ ಮನೆಯಲ್ಲಿ ಮಕ್ಕಳು ಕಲಿತುಕೊಳ್ಳುವುದೇ ಅದನ್ನು.

ಅವನ ಫೈಲಿನಲ್ಲಿ ತಂದೆ ತಾಯಿ ಇಬ್ಬರೂ ಸತ್ತಿದ್ದಾರೆ ಎಂದಿತ್ತು. ದಶೈಂಗೆ, ಅಂದರೆ ನಮ್ಮ ದಸರಾದ ಹೊತ್ತಿಗೆ, ಒಬ್ಬ ಮನುಷ್ಯ ಬಂದು ಗೇಟಿನ ಹೊರಗೆ ಕೂತ. ಹುಮ್ಲಾದಿಂದ ಬಂದಿದ್ದ. ಅದು ಟಿಬೆಟ್ ಗಡಿಗೆ ತಾಗಿದ ಜಿಲ್ಲೆ. ಆಗ ಅಲ್ಲಿಗೆ ರಸ್ತೆ ಇರಲಿಲ್ಲ. ಜಿಲ್ಲಾ ಕೇಂದ್ರ ಸಿಮಿಕೋಟ್‌ನಿಂದ ಪುಟ್ಟ ವಿಮಾನ, ಇಲ್ಲದಿದ್ದರೆ ದಿನಗಟ್ಟಲೆ ನಡಿಗೆ. ಮಗನ ಹಣೆಗೆ ಟೀಕಾ ಇಡಬೇಕು ಅಂದ. ಹೌದು, ಸತ್ತುಹೋಗಿದ್ದಾನೆ ಅಂತ ನಾನು ಓದಿದ್ದ ಅಪ್ಪ.

ಇದು ಆ ಒಂದು ಮನೆಯ ಕಥೆಯಾಗಿದ್ದರೆ ಇಲ್ಲಿ ಹೇಳುತ್ತಿರಲಿಲ್ಲ. 1996ರಿಂದ 2006ರವರೆಗೆ ಮಾವೋವಾದಿ ಯುದ್ಧ ನಡೆದಾಗ ಹುಮ್ಲಾದಂಥ ಊರುಗಳಿಗೆ ದಲ್ಲಾಳಿಗಳು ಹೋದರು. ಮಗನನ್ನು ಕಠ್ಮಂಡುವಿನ ಇಂಗ್ಲಿಷ್ ಶಾಲೆಗೆ ಸೇರಿಸುತ್ತೇವೆ ಎಂದು ಹೆತ್ತವರಿಂದಲೇ ದುಡ್ಡು ತೆಗೆದುಕೊಂಡರು. ಆಮೇಲೆ ಸುಳ್ಳು ಕಾಗದ ಮಾಡಿಸಿ ಮಕ್ಕಳನ್ನು ಅನಾಥರನ್ನಾಗಿಸಿದರು. ನೇಪಾಳದ ಹೆಚ್ಚಿನ ಆಶ್ರಮಗಳು ಇರುವುದು ಕಠ್ಮಂಡು, ಲಲಿತಪುರ, ಭಕ್ತಪುರ, ಪೋಖರಾ ಇರುವ ಕಾಸ್ಕಿ, ಚಿತ್ವನ್ ಜಿಲ್ಲೆಗಳಲ್ಲಿ. ಅನಾಥರು ಪ್ರವಾಸಿಗರು ಬರುವ ಊರಲ್ಲೇ ಹುಟ್ಟುತ್ತಾರಾ? ದುಡ್ಡು ತರುವ ನಮ್ಮಂಥವರು ಬರುತ್ತೇವೆ ಅಂತಲೇ ಆ ಮನೆಗಳು ಅಲ್ಲಿವೆ. 2015ರ ಭೂಕಂಪದ ನಂತರ ಅಲ್ಲಿನ ಸರ್ಕಾರ ಹೊಸ ಆಶ್ರಮಗಳ ನೋಂದಣಿ ನಿಲ್ಲಿಸಿತು, ಅನುಮತಿಯಿಲ್ಲದೆ ಮಕ್ಕಳನ್ನು ಜಿಲ್ಲೆ ದಾಟಿಸಬಾರದು ಎಂದಿತು. ಆಸ್ಟ್ರೇಲಿಯಾದಲ್ಲಂತೂ 2018ರಲ್ಲಿ ಆಧುನಿಕ ಗುಲಾಮಗಿರಿಯ ಕಾಯ್ದೆ ತಂದಾಗ ಆಶ್ರಮಗಳಿಗಾಗಿ ಮಕ್ಕಳನ್ನು ಸಾಗಿಸುವುದೂ ಚರ್ಚೆಗೆ ಬಂತು.

ಹಾಗಾದರೆ ಹೋಗಲೇಬಾರದಾ? ಹೋಗಿ. ಆದರೆ ಆ 90 ಸಾವಿರ ಕಟ್ಟಬೇಡಿ. ನೀವು ಬರೆದ ಪತ್ರದಲ್ಲಿ ನನಗೆ ಬೆಲೆಬಾಳುವ ವಿಷಯ ಅನ್ನಿಸಿದ್ದು ಆಡಿಟರ್ ಆಫೀಸು. ನೇಪಾಳದಲ್ಲಿ ಇಂಥ ಮಕ್ಕಳನ್ನು ಹುಡುಕಿ ಹೆತ್ತವರ ಮನೆಗೆ ಸೇರಿಸುವ ಸಂಸ್ಥೆಗಳಿವೆ. ಮಗುವಿನ ಊರು ಪತ್ತೆ ಮಾಡಬೇಕು, ಹೆತ್ತವರನ್ನು ಭೇಟಿ ಮಾಡಿಸಬೇಕು, ಮನೆಗೆ ಹೋದಮೇಲೆ ಶಾಲೆ ಬಿಡದಂತೆ ನೋಡಿಕೊಳ್ಳಬೇಕು. ಇದನ್ನು ಮಾಡುವವರು ಸ್ಥಳೀಯರೇ ಆಗಿರಬೇಕು. ಅವರಿಗೆ ಲೆಕ್ಕ ಬರೆಯುವವರು, ದಾನಿಗಳಿಗೆ ವರದಿ ಸಿದ್ಧಮಾಡುವವರು ಯಾವಾಗಲೂ ಕಡಿಮೆ. ವರ್ಷವಿಡೀ ಒಂದು ಮಗುವನ್ನೂ ಎತ್ತಿಕೊಳ್ಳದೆ ಬರಬೇಕಾಗಬಹುದು. ಅದಕ್ಕೆ ಮನಸ್ಸು ಒಪ್ಪುತ್ತದಾ ನೋಡಿ. ನಿಜ ಹೇಳಬೇಕೆಂದರೆ ನನ್ನ ಮನಸ್ಸು ಆಗ ಒಪ್ಪುತ್ತಿರಲಿಲ್ಲ.

ಯಾವ ಸಂಸ್ಥೆಗೆ ಬರೆದರೂ ಇಷ್ಟು ಕೇಳಿ. ದಶೈಂ ರಜೆಗೆ ಮಕ್ಕಳು ಎಲ್ಲಿಗೆ ಹೋಗುತ್ತಾರೆ? ಕಳೆದ ವರ್ಷ ಎಷ್ಟು ಮಕ್ಕಳು ಮನೆಗೆ ವಾಪಸ್ ಹೋದರು? ಮಕ್ಕಳ ಸ್ನಾನ, ಊಟ, ನಿದ್ದೆ ನೋಡಿಕೊಳ್ಳುವವರು ಎಷ್ಟು ವರ್ಷದಿಂದ ಅಲ್ಲಿದ್ದಾರೆ? ಮಕ್ಕಳ ಜೊತೆ ಫೋಟೋ ತೆಗೆಯಬಹುದಾ ಅಂತಲೂ ಕೇಳಿ. "ಧಾರಾಳವಾಗಿ" ಅಂದರೆ ಅಲ್ಲಿಗೆ ಬಿಡಿ. ನಿಮ್ಮ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಅವರಾಗಿಯೇ ಕೇಳಿದರೆ ಒಳ್ಳೆಯ ಲಕ್ಷಣ. ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಅರ್ಜಿ ಹಾಕಬಹುದು, ಈಗಲೇ ಮಾಡಿಸಿ. ನಮಗೆ ನೇಪಾಳಕ್ಕೆ ವೀಸಾ ಬೇಕಿಲ್ಲ. ಅದಕ್ಕೇ ನಾವು ಇನ್ನೂ ಜಾಸ್ತಿ ಎಚ್ಚರ ವಹಿಸಬೇಕು, ಗಡಿಯಲ್ಲಿ ಯಾಕೆ ಬಂದಿರಿ ಅಂತ ಕೇಳುವವರಿಲ್ಲ. ವಿಮಾನದಲ್ಲಿ ಹೋಗುವುದಾದರೆ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಇರಲಿ, ನಿಮ್ಮ ವಯಸ್ಸಿನವರಿಗೆ ಆಧಾರ್ ಸಾಲದು.

ಹೊರಡುವ ಮೊದಲು ಆರು ತಿಂಗಳು ನೇಪಾಳಿ ಕಲಿಯಿರಿ. ಲಿಪಿ ದೇವನಾಗರಿಯೇ, ಓದುವುದು ಕಷ್ಟವಾಗದು. ಕಠ್ಮಂಡುವಿನ ಅಂಗಡಿಯಲ್ಲಿ ಹಿಂದಿ ನಡೆಯುತ್ತದೆ. ಬೆಟ್ಟದಿಂದ ಬಂದ ತಾಯಿಯೊಬ್ಬಳು ನಿಮ್ಮೆದುರು ಕೂತು ಅಳುವಾಗ ನಡೆಯುವುದಿಲ್ಲ. ಟೈಫಾಯಿಡ್, ಹೆಪಟೈಟಿಸ್ ಎ, ರೇಬೀಸ್ ಲಸಿಕೆಗಳ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ, ಅಲ್ಲಿ ಬೀದಿನಾಯಿ ಬಹಳ. ಊಟ ದಿನಕ್ಕೆರಡು ಸಲ ದಾಲ್-ಭಾತ್, ಅನ್ನ ತಿನ್ನುವ ನಮಗೆ ತೊಂದರೆಯಿಲ್ಲ. ಚಳಿಯೇ ಕಷ್ಟ. ಜನವರಿ ರಾತ್ರಿ ಒಳಗೂ ಹೊರಗೂ ಒಂದೇ ಥಂಡಿ. ನಾನು ಎರಡು ಕಾಟನ್ ಸ್ವೆಟರ್ ಹಿಡಿದು ಹೋಗಿ ಅಲ್ಲಿನ ಅಡುಗೆಯವರ ಶಾಲು ಹೊದ್ದು ತಿಂಗಳು ಕಳೆದೆ. ಚಾಕೊಲೇಟ್, ಆಟಿಕೆ ತುಂಬಿದ ಚೀಲ ಮಾತ್ರ ಬೇಡ.

ಅಮ್ಮ ಯಾಕೆ ಬೇಡ ಅನ್ನುತ್ತಿದ್ದಾರೆ ಅಂತ ನೀವು ಬರೆದಿಲ್ಲ. ಕೇಳಿದ್ದೀರಾ?

ಇನ್ನೊಂದು ಮಾತು, ಯಾರಿಗೂ ಹೇಳದೆ ಇಟ್ಟುಕೊಂಡಿದ್ದು. ನಾನು ಹೊರಡುವ ಹಿಂದಿನ ರಾತ್ರಿ ಆ ಹುಡುಗನನ್ನು ಪಕ್ಕ ಕೂರಿಸಿಕೊಂಡು ವಿಷಯ ತಿಳಿಸಿದೆ. ಅಳುತ್ತಾನೆ ಅಂದುಕೊಂಡಿದ್ದೆ. ಅವನು ಹೋಂವರ್ಕಿನಿಂದ ತಲೆಯೆತ್ತದೆ, "ಮುಂದಿನ ದಿದಿ ಯಾವಾಗ ಬರ್ತಾರೆ?" ಅಂದ. ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿದ ಹಾಗೆ.

ಮೇಲಿನ ಪ್ರಶ್ನೆಗಳನ್ನು ಆ ಏಜೆನ್ಸಿಗೂ ಕಳಿಸಿ. ಏನು ಉತ್ತರ ಬಂತು ಅಂತ ನನಗೆ ಬರೆಯಿರಿ.