ಭಾರತದ ಮೊದಲ ಭಾರತೀಯ ಕುಲಪತಿ ಒಬ್ಬ ನ್ಯಾಯಾಧೀಶರೇ?

ಹೌದು. 1890ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದ ಕುಲಪತಿಯಾದ ಗುರುದಾಸ್ ಬ್ಯಾನರ್ಜಿ ಆಗ ಕಲ್ಕತ್ತ ಹೈಕೋರ್ಟಿನ ನ್ಯಾಯಾಧೀಶರೂ ಆಗಿದ್ದರು. ಕುಲಾಧಿಪತಿಯ ಸ್ಥಾನ ವೈಸರಾಯ್‌ಗೆ ಮೀಸಲಾಗಿದ್ದ ಆ ಕಾಲದಲ್ಲಿ ಕುಲಪತಿ ಹುದ್ದೆಯೇ ಭಾರತೀಯರೊಬ್ಬರು ಏರಬಹುದಾಗಿದ್ದ ಅತ್ಯುನ್ನತ ಸ್ಥಾನವಾಗಿತ್ತು.

1844ರಲ್ಲಿ ಕಲ್ಕತ್ತದಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು ತಾಯಿಯ ಆಸರೆಯಲ್ಲಿ ಬೆಳೆದರು. ಗಣಿತದಲ್ಲಿ ಎಂ.ಎ. ಮಾಡಿ, ಕಾನೂನು ಓದಿ, ಬಂಗಾಳದ ಬಹರಾಂಪುರದಲ್ಲಿ ಕೆಲಕಾಲ ಪಾಠ ಹೇಳುತ್ತ ವಕೀಲಿ ನಡೆಸಿದರು. ಹಿಂದೂ ವಿವಾಹ ಮತ್ತು ಸ್ತ್ರೀಧನದ (ಹೆಣ್ಣಿನ ಸ್ವಂತ ಆಸ್ತಿಯ) ಕಾನೂನನ್ನು ಕುರಿತು ಕಲ್ಕತ್ತ ವಿಶ್ವವಿದ್ಯಾಲಯದ ಟಾಗೋರ್ ಕಾನೂನು ಉಪನ್ಯಾಸಮಾಲೆಯಲ್ಲಿ ಅವರು ನೀಡಿದ ಉಪನ್ಯಾಸಗಳು ಪುಸ್ತಕವಾಗಿ ಹೊರಬಂದವು. ನ್ಯಾಯಪೀಠದಲ್ಲಿ ಅವರು ಇದ್ದದ್ದು 1888ರಿಂದ 1904ರವರೆಗೆ.

ಕುಲಪತಿಯಾಗಿದ್ದದ್ದು ಸುಮಾರು ಮೂರೇ ವರ್ಷ. ಆ ಅವಧಿಯಲ್ಲಿ ವಿಶ್ವವಿದ್ಯಾಲಯದ ಓದಿನಲ್ಲಿ ದೇಶಭಾಷೆಗಳಿಗೆ ಸ್ಥಾನ ಸಿಗಬೇಕೆಂದು ಅವರು ವಾದಿಸಿದರು. ಆದರೆ ನನ್ನ ದೃಷ್ಟಿಯಲ್ಲಿ ಅವರ ವ್ಯಕ್ತಿತ್ವ ನಿಚ್ಚಳವಾಗಿ ಕಾಣುವುದು 1902ರಲ್ಲಿ. ವೈಸರಾಯ್ ಕರ್ಜನ್ ನೇಮಿಸಿದ ವಿಶ್ವವಿದ್ಯಾಲಯಗಳ ಆಯೋಗದಲ್ಲಿ ಮೊದಲು ಹಿಂದೂ ಸದಸ್ಯರೇ ಇರಲಿಲ್ಲ. ಆಕ್ಷೇಪಗಳು ಎದ್ದ ಮೇಲೆ ಇವರನ್ನು ಸೇರಿಸಿಕೊಳ್ಳಲಾಯಿತು. ಕಾಲೇಜುಗಳಿಗೆ ಕನಿಷ್ಠ ಶುಲ್ಕವನ್ನು ಗೊತ್ತುಮಾಡುವುದು, ಪದವಿಗೆ ಮುಂಚಿನ ಹಂತವಾದ ಇಂಟರ್‌ಮೀಡಿಯೆಟ್‌ವರೆಗೆ ಮಾತ್ರ ಕಲಿಸುತ್ತಿದ್ದ ಎರಡನೇ ದರ್ಜೆಯ ಕಾಲೇಜುಗಳನ್ನು ಕ್ರಮೇಣ ಇಲ್ಲವಾಗಿಸುವುದು ಮುಂತಾದ ಶಿಫಾರಸುಗಳು ಬಡ ಹುಡುಗರಿಗೆ ಬಾಗಿಲು ಮುಚ್ಚುತ್ತವೆಂದು ಕಂಡ ಅವರು, ಉಳಿದವರ ವರದಿಗೆ ಸುಮ್ಮನೆ ಸಹಿ ಹಾಕದೆ, ದೀರ್ಘವಾದ ಭಿನ್ನಮತದ ಟಿಪ್ಪಣಿಯನ್ನೇ ಬರೆದರು. ತೀರ್ಪು ಬರೆದು ಪಳಗಿದ ಕೈ ಅದು!

ನಿವೃತ್ತಿಯ ನಂತರ ಬ್ರಿಟಿಷ್ ಸರ್ಕಾರದ ಹಿಡಿತದ ಹೊರಗೆ ಶಿಕ್ಷಣವನ್ನು ಕಟ್ಟಲು ಹೊರಟಿದ್ದ ಬಂಗಾಳದ ರಾಷ್ಟ್ರೀಯ ಶಿಕ್ಷಣ ಚಳವಳಿಯಲ್ಲಿ ತೊಡಗಿಕೊಂಡ ಅವರು 1918ರ ಡಿಸೆಂಬರಿನಲ್ಲಿ ತೀರಿಕೊಂಡರು.