ಲೇತ್‌ನಿಂದ ಅರ ಆಡಿಸುವುದು ಹೇಗೆ?

ಪ್ರಶ್ನೆ: ನನ್ನ ಮನೆಯ ವರ್ಕ್‌ಶಾಪಿನಲ್ಲಿ ಸಣ್ಣ ಲೇತ್ (ಲೋಹದ ತುಂಡನ್ನು ತಿರುಗಿಸುತ್ತ ಕೊರೆಯುವ ಯಂತ್ರ) ಇದೆ, ಮಿಲ್ಲಿಂಗ್ ಯಂತ್ರವಿಲ್ಲ. ಉಕ್ಕಿನ ಪಟ್ಟಿಗಳಲ್ಲಿ ಚೌಕ ರಂಧ್ರಗಳನ್ನು ಕೈಯಿಂದ ಅರ ಹಾಕಿ ಸರಿಪಡಿಸುವಾಗ ಒಳಬದಿಗಳು ನೆಟ್ಟಗೆ ಬರುವುದಿಲ್ಲ. ಲೇತ್‌ನಿಂದಲೇ ಅರವನ್ನು ಮೇಲೆ ಕೆಳಗೆ ಆಡಿಸುವ ಜೋಡಣೆಯನ್ನು ಮಾಡಿಕೊಳ್ಳಬಹುದೇ? ಮಾಮೂಲಿ ಅರಗಳು ಸಾಕೇ? ವೇಗ ಎಷ್ಟಿರಬೇಕು?

ಉತ್ತರ: ಖಂಡಿತ ಮಾಡಿಕೊಳ್ಳಬಹುದು. ಲೇತ್‌ನ ಚಕ್‌ನಲ್ಲಿ (ತುಂಡನ್ನು ಬಿಗಿಹಿಡಿದು ತಿರುಗಿಸುವ ಭಾಗ) ಹಿಡಿಸಿದ ಬಿಲ್ಲೆಯ ಮುಖದಲ್ಲಿ, ಕೇಂದ್ರದಿಂದ 12 ಮಿ.ಮೀ. ದೂರಕ್ಕೆ ಒಂದು ಪಿನ್ ಕೂರಿಸಿ, ಅದು ಸ್ಕಾಚ್ ಯೋಕ್‌ನ (ತಿರುಗುವ ಚಲನೆಯನ್ನು ನೇರ ಚಲನೆಯಾಗಿಸುವ ಸೀಳುಳ್ಳ ಚೌಕಟ್ಟು) ಅಡ್ಡ ಸೀಳಿನೊಳಗೆ ಓಡಾಡುವಂತೆ ಮಾಡಿದರೆ, ಯೋಕ್‌ಗೆ ಬಿಗಿದ ಲಂಬ ಸರಳು ಪ್ರತಿ ಸುತ್ತಿಗೂ 24 ಮಿ.ಮೀ. ಏರಿ ಇಳಿಯುತ್ತದೆ. ಸೀಳು ಕೊರೆಯಲು ಮಿಲ್ಲಿಂಗ್ ಯಂತ್ರ ಇಲ್ಲವೆಂದು ಚಿಂತಿಸಬೇಕಾಗಿಲ್ಲ. ಎರಡು ಚಪ್ಪಟೆ ಪಟ್ಟಿಗಳ ತುದಿಗಳಲ್ಲಿ ತುಂಡುಗಳನ್ನಿಟ್ಟು ಬೋಲ್ಟ್ ಹಾಕಿದರೆ ಸೀಳು ತಾನಾಗಿಯೇ ಸಿದ್ಧವಾಗುತ್ತದೆ. ಪಿನ್ನಿನ ಮೇಲೆ ಸಣ್ಣ ಬಾಲ್ ಬೇರಿಂಗ್ ತೊಡಿಸಿ, ಸೀಳನ್ನು ಅದಕ್ಕಿಂತ ಕೂದಲೆಳೆಯಷ್ಟು ಮಾತ್ರ ಅಗಲವಾಗಿಡಿ: ಎರಡೂ ಬದಿಗೆ ತಾಗಿದರೆ ಬೇರಿಂಗ್ ಉರುಳದು, ಸಡಿಲ ಹೆಚ್ಚಾದರೆ ಪ್ರತಿ ತುದಿಯಲ್ಲೂ ಬಡಿಯುತ್ತದೆ. ಸರಳು ಜಾರುವ ಎರಡು ಬುಷ್‌ಗಳ (ಕೊಳವೆಯಂಥ ಆಧಾರಗಳು) ರಂಧ್ರಗಳನ್ನು ಒಂದೇ ಹಿಡಿತದಲ್ಲಿ ಕೊರೆದು, ಸರಳು ತನ್ನ ಸುತ್ತ ತಿರುಗದಂತೆ ಒಂದು ಕೀಲಿ ಕೊಡಿ. ಬುಷ್‌ಗಳನ್ನು ಹೊತ್ತ ಚೌಕಟ್ಟನ್ನು ಲೇತ್‌ನ ಕ್ರಾಸ್ ಸ್ಲೈಡ್‌ಗೆ (ಅಡ್ಡಕ್ಕೆ ಜಾರುವ ಭಾಗ) ಬೋಲ್ಟ್ ಮಾಡಬಹುದು.

ಹೆಚ್ಚಿನವರು ಎಡವುವುದು ಅರದ ಹಲ್ಲುಗಳ ದಿಕ್ಕಿನಲ್ಲಿ. ಕೈ ಅರದ ಹಲ್ಲುಗಳು ಹಿಡಿಯಿಂದ ಮುಂದಿನ ತುದಿಯ ಕಡೆಗೆ ಬಾಗಿರುತ್ತವೆ. ಹಿಡಿ ಸೇರಿಸುವ ಚೂಪು ಭಾಗವನ್ನೇ ಕೆಳಗೆ ಸರಳಿಗೆ ಬಿಗಿದರೆ ಅರ ಮೇಲೇರುವಾಗ ಕೊರೆಯುತ್ತದೆ, ಕೆಲಸದ ತುಂಡನ್ನು ಮೇಜಿನಿಂದ ಎತ್ತಿ ಹಾಕುತ್ತದೆ, ಸಣ್ಣ ಅರವಾದರೆ ಒತ್ತಡಕ್ಕೆ ಬಾಗಿ ಮುರಿಯಲೂಬಹುದು. ಇಳಿಯುವಾಗ ಕೊರೆಯುವಂತಿದ್ದರೆ ಅರದ ಮೇಲೆ ಬೀಳುವುದು ಎಳೆತ ಮಾತ್ರ, ತುಂಡೂ ಮೇಜಿಗೆ ಒತ್ತಿಕೊಂಡಿರುತ್ತದೆ. ಯಂತ್ರಕ್ಕೆಂದೇ ಮಾಡಿದ ಅರಗಳ ಹಲ್ಲುಗಳು ಬಿಗಿಯುವ ತುದಿಯ ಕಡೆಗೇ ಇರುವುದು ಇದೇ ಕಾರಣಕ್ಕೆ. ಅವು ಸಿಗದಿದ್ದರೆ ಉದ್ದಕ್ಕೂ ಒಂದೇ ಅಗಲವಿರುವ ಕೈ ಅರವನ್ನು ಆರಿಸಿ, ಮುಂದಿನ ತುದಿಯ ಹಲ್ಲುಗಳನ್ನು ಗ್ರೈಂಡಿಂಗ್ ಚಕ್ರದಲ್ಲಿ ತೆಗೆದು, ಆಗಾಗ ನೀರಿನಲ್ಲಿ ತಣಿಸುತ್ತ, ಆ ತುದಿಯನ್ನೇ ಕೆಳಗೆ ಬಿಗಿಯಿರಿ. ಅರವು ಸರಳಿನ ಚಲನೆಗೆ ಸಮಾಂತರವಾಗಿದೆಯೇ ಎಂದು ಡಯಲ್ ಗೇಜ್ (ಸಣ್ಣ ಓರೆಯನ್ನೂ ಮುಳ್ಳಿನಿಂದ ತೋರಿಸುವ ಅಳತೆ ಉಪಕರಣ) ಹಿಡಿದು ನೋಡುವುದು ಅಗತ್ಯ. ಓರೆಯಾಗಿದ್ದರೆ ಎಷ್ಟು ಉಜ್ಜಿದರೂ ರಂಧ್ರದ ಬದಿ ನೆಟ್ಟಗಾಗದು.

ವೇಗದ ವಿಷಯದಲ್ಲಿ ಆಸೆ ಬೇಡ. ಉಕ್ಕಿಗೆ ನಿಮಿಷಕ್ಕೆ 100ರಿಂದ 150 ಸುತ್ತು ಸಾಕೆಂಬುದು ನನ್ನ ಅಭಿಪ್ರಾಯ. 150ರಲ್ಲಿಯೇ ಅರ ನಡುದಾರಿಯಲ್ಲಿ ನಿಮಿಷಕ್ಕೆ ಸುಮಾರು 11 ಮೀಟರ್ ವೇಗ ಪಡೆಯುತ್ತದೆ. ಹಿತ್ತಾಳೆಗೆ ಇನ್ನಷ್ಟು ಹೆಚ್ಚಿಸಬಹುದು. ಸುತ್ತು ಇಮ್ಮಡಿಯಾದರೆ ಕುಲುಕಾಟದ ಬಲ ನಾಲ್ಕು ಪಟ್ಟಾಗುವುದರಿಂದ ಯೋಕ್ ಮತ್ತು ಸರಳನ್ನು ಹಗುರವಾಗಿಯೇ ಮಾಡಿ.

ಅರದಿಂದ ಉದುರುವ ಲೋಹದ ಪುಡಿ ಲೇತ್‌ನ ಬೆಡ್ (ಸ್ಲೈಡ್‌ಗಳನ್ನು ಹೊತ್ತ ಉದ್ದನೆಯ ತಳಭಾಗ) ಮೇಲೆ ಬಿದ್ದರೆ ಸ್ಲೈಡ್‌ಗಳನ್ನು ಸವೆಸುತ್ತದೆ. ಕೆಲಸಕ್ಕೆ ಮೊದಲು ಬೆಡ್ಡನ್ನು ಮುಚ್ಚಲು ತಗಡಿನ ತಟ್ಟೆಯೊಂದನ್ನು ಇದೇ ಜೋಡಣೆಗೆ ಸೇರಿಸಿಕೊಳ್ಳಿ. ಬಟ್ಟೆ ಹೊದಿಸುವುದು ಬೇಡ, ತಿರುಗುವ ಚಕ್‌ಗೆ ಸುತ್ತಿಕೊಂಡೀತು.