ಫ್ರಿಡಾ ಕಾಹ್ಲೋ ಬಿಟ್ಟರೆ ಮೆಕ್ಸಿಕೋದ ಬೇರೆ ಯಾವ ಕಲಾವಿದರನ್ನು ನೋಡಬೇಕು?

ಫ್ರಿಡಾ, ಡಿಯೆಗೊ ರಿವೆರಾ ಇಬ್ಬರನ್ನೂ ನೋಡಿದ್ದೇನೆ, ಮುಂದೆ ಯಾರು ಅಂತ ಕೇಳಿದ್ದೀರಿ. ಒರೊಸ್ಕೊ, ಸಿಕೈರೋಸ್ ಅವರ ದೊಡ್ಡ ಗೋಡೆಚಿತ್ರಗಳನ್ನು ಎಲ್ಲರೂ ಹೇಳುತ್ತಾರೆ, ಅವನ್ನೂ ನೋಡಿ. ಆದರೆ ನನ್ನನ್ನು ಕೇಳಿದರೆ ಫ್ರಾನ್ಸಿಸ್ಕೊ ಟೊಲೆಡೊ ಅವರಿಂದ ಶುರು ಮಾಡಿ.

ಟೊಲೆಡೊ (1940–2019) ದಕ್ಷಿಣದ ವಹಾಕಾ ರಾಜ್ಯದ ಝಪೊಟೆಕ್ ಸಮುದಾಯದವರು. ಅವರ ಚಿತ್ರಗಳ ತುಂಬ ಮಿಡತೆ, ಏಡಿ, ಮೊಸಳೆ, ಮಂಗ, ಬಾವಲಿ. ಎಷ್ಟೋ ಕಡೆ ಮನುಷ್ಯ ಯಾವುದು, ಪ್ರಾಣಿ ಯಾವುದು ಅಂತಲೇ ತಿಳಿಯುವುದಿಲ್ಲ. 1988ರಲ್ಲಿ ವಹಾಕಾ ನಗರದ ತಮ್ಮ ಮನೆಯಲ್ಲೇ ಮುದ್ರಣ ಕಲೆಯ ಸಂಸ್ಥೆ ತೆರೆದರು. ಅಲ್ಲಿನ ಕಲಾ ಗ್ರಂಥಾಲಯಕ್ಕೆ ಯಾರು ಬೇಕಾದರೂ ಹೋಗಿ ಓದಬಹುದು. 2002ರಲ್ಲಿ ಊರಿನ ಹಳೆಯ ಚೌಕಕ್ಕೆ ಮೆಕ್‌ಡೊನಾಲ್ಡ್ಸ್ ಬರುತ್ತದೆ ಅಂದಾಗ, ಜನರಿಗೆ ತಮ್ಮೂರಿನ ತಿಂಡಿ ತಮಾಲೆ ಹಂಚಿ ವಿರೋಧಿಸಿದರು. ಅಂಗಡಿ ಬರಲಿಲ್ಲ.

ನನ್ನನ್ನು ಜಾಸ್ತಿ ಕಾಡಿದ್ದು ಅವರ ಗಾಳಿಪಟಗಳು. 2014ರಲ್ಲಿ ಅಯೊಟ್ಸಿನಾಪಾ ಶಿಕ್ಷಕರ ಕಾಲೇಜಿನ 43 ವಿದ್ಯಾರ್ಥಿಗಳು ಕಣ್ಮರೆಯಾದರು. ಟೊಲೆಡೊ ಒಂದೊಂದು ಪಟದ ಮೇಲೂ ಒಬ್ಬೊಬ್ಬ ಹುಡುಗನ ಮುಖ ಬರೆದು, ಮಕ್ಕಳ ಕೈಯಲ್ಲಿ ಹಾರಿಸಿದರು. ನೆಲದಲ್ಲಿ, ನೀರಲ್ಲಿ ಹುಡುಕಿಯಾಯಿತು, ಇನ್ನು ಆಕಾಶದಲ್ಲಿ ಹುಡುಕಬೇಕು ಅನ್ನುವುದು ಅವರ ಮಾತಾಗಿತ್ತು. ಇದಕ್ಕೆ ನಾನು ಏನು ಸೇರಿಸಲಿ?

ಅವರ ಜೊತೆಗೇ ಗ್ರಾಸಿಯೆಲಾ ಇತುರ್ಬಿದೆ ಅವರನ್ನೂ ನೋಡಬೇಕು. ಫೋಟೋಗ್ರಾಫರ್. ಟೊಲೆಡೊ ಅವರೇ 1979ರಲ್ಲಿ ಈಕೆಯನ್ನು ವಹಾಕಾ ರಾಜ್ಯದ ಹುಚಿತಾನ್ ಊರಿಗೆ ಕರೆದರು. ಅಲ್ಲಿನ ಸಂತೆಯಲ್ಲಿ ವ್ಯಾಪಾರ ಹೆಂಗಸರದೇ. ಇಗುವಾನಾ ಅಂದರೆ ನಮ್ಮ ಉಡದಂಥ ಪ್ರಾಣಿ. ಅದನ್ನು ಮಾರುವ ಹೆಂಗಸೊಬ್ಬಳು ಜೀವಂತ ಇಗುವಾನಾಗಳನ್ನು ತಲೆ ಮೇಲೆ ಹೊತ್ತು ಬಂದಿದ್ದಳು. ಇತುರ್ಬಿದೆ ಆ ಫೋಟೋ ತೆಗೆದರು. ಕೆಳಗಿನಿಂದ ನೋಡಿದಾಗ ಅವು ಕಿರೀಟದ ಹಾಗೇ ಕಾಣುತ್ತವೆ. ಆಮೇಲೆ ಊರಲ್ಲಿ ಅದರ ಪ್ರತಿಮೆಯನ್ನೇ ನಿಲ್ಲಿಸಿದರು.

ಫ್ರಿಡಾ ನಿಮಗೆ ಇಷ್ಟ ಅಲ್ವಾ? ಹಾಗಾದರೆ ಇತುರ್ಬಿದೆ ತೆಗೆದ ಫ್ರಿಡಾ ಬಚ್ಚಲುಮನೆಯ ಫೋಟೋಗಳನ್ನು ಮೊದಲು ಹುಡುಕಿ. ಫ್ರಿಡಾ ಸತ್ತ ಮೇಲೆ ಆ ಕೋಣೆಗೆ ಸುಮಾರು 50 ವರ್ಷ ಬೀಗ ಬಿದ್ದಿತ್ತು. ಒಳಗೆ ಊರುಗೋಲು, ಬೆನ್ನಿಗೆ ಕಟ್ಟುತ್ತಿದ್ದ ಪಟ್ಟಿ. ಒಂದು ಫೋಟೋದಲ್ಲಿ ಸ್ನಾನದ ತೊಟ್ಟಿಯಲ್ಲಿ ಎರಡು ಪಾದ ಮಾತ್ರ ಕಾಣುತ್ತವೆ. ಅವು ಇತುರ್ಬಿದೆ ಅವರವೇ.